ಕೂಗಳತೆಯಿಂದ ಮುನ್ನೂರು ಗಜದವರೆಗೆ

"ಎಷ್ಟು ದೂರ ಇರಬಹುದು?" ಎಂದು ಮೇಷ್ಟ್ರು ಪಿಸುಗುಟ್ಟಿದರು. ಎದುರಿನ ಇಳಿಜಾರಿನ ಸೇಜ್ ಪೊದೆಗಳ ನಡುವೆ ಒಂದು ಹೆಣ್ಣು ಎಲ್ಕ್, ನಮ್ಮ ಕಡವೆಯಂಥ ದೊಡ್ಡ ಜಿಂಕೆ, ತಲೆ ತಗ್ಗಿಸಿ ಮೇಯುತ್ತಿತ್ತು. ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಕಾಡಂಚಿನ ಮನೆಯಲ್ಲಿ. ಕಾಡು, ಮೃಗ, ದೂರ ಇವೆಲ್ಲ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಆಗಿನ್ನೂ ಇತ್ತು. "ಇನ್ನೂರೈವತ್ತು ಗಜ" ಎಂದೆ. ಅವರು ಜೇಬಿನಿಂದ ಅಂಗೈಯಗಲದ ರೇಂಜ್‌ಫೈಂಡರ್, ಅಂದರೆ ಲೇಸರ್ ಬಿಟ್ಟು ದೂರ ಅಳೆಯುವ ಉಪಕರಣ, ತೆಗೆದು ಕಣ್ಣಿಗೆ ಹಿಡಿದರು, ಗುಂಡಿ ಒತ್ತಿದರು, ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ನಾನೂ ಒತ್ತಿ ನೋಡಿದೆ. ಒಳಗೆ ಕೆಂಪು ಅಂಕಿ: 412.

ಆ ದಿನ ನನ್ನ ಬಳಿ ಕೋವಿ ಇರಲಿಲ್ಲ, ಲೈಸೆನ್ಸೂ ಇರಲಿಲ್ಲ. ಬುತ್ತಿ ಹೊರುವ ನೆಪದಲ್ಲಿ ಜೊತೆಗೆ ಹೋಗಿದ್ದೆ. ಅದು ಆ ಎಲ್ಕ್‌ನ ಪುಣ್ಯ.

ಮೇಷ್ಟ್ರು ಎಂದರೆ ಕೊಲರಾಡೊದಲ್ಲಿ ನಮ್ಮ ಪಕ್ಕದ ಮನೆಯವರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪ್ರತಿ ಅಕ್ಟೋಬರಿನಲ್ಲಿ ರಾಜ್ಯದ ವಾಯವ್ಯಕ್ಕೆ, ಫ್ಲ್ಯಾಟ್ ಟಾಪ್ಸ್ ಬೆಟ್ಟಗಳ ಬುಡಕ್ಕೆ ಶಿಕಾರಿಗೆ ಹೋಗುತ್ತಾರೆ. ಮರುವರ್ಷ ನಾನೂ ಬೇಟೆಗಾರರ ತರಬೇತಿಗೆ ಸೇರಿದೆ. 1949ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಸಾಮಾನ್ಯವಾಗಿ ಆ ತರಬೇತಿಯ ಕಾರ್ಡ್ ತೋರಿಸದೆ ಇಲ್ಲಿ ಲೈಸೆನ್ಸ್ ಪಡೆಯುವಂತಿಲ್ಲ. ತಲೆಗೂದಲು ನರೆತ ನಾನು ಹನ್ನೆರಡು ವರ್ಷದ ಮಕ್ಕಳ ಜೊತೆ ಬೆಂಚಿನಲ್ಲಿ ಕುಳಿತು ಪರೀಕ್ಷೆ ಬರೆದೆ. ಫೋನಿನಲ್ಲಿ ಈ ವಿಷಯ ಕೇಳಿದ ಅಮ್ಮ, "ಅಲ್ಲಿ ಫಾರೆಸ್ಟಿನವರು ಹಿಡಿಯುವುದಿಲ್ಲವೇ?" ಎಂದರು. "ಅವರೇ ಲೈಸೆನ್ಸ್ ಮಾರುವವರು ಅಮ್ಮ" ಎಂದೆ. ನಂಬಿದಂತೆ ಕಾಣಲಿಲ್ಲ. ಅವರದೂ ತಪ್ಪಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮೂರಿನಲ್ಲಿ ಶಿಕಾರಿ ಎಂಬುದು ಒಂದೋ ಅಜ್ಜಯ್ಯನ ಕಾಲದ ಕಥೆ, ಇಲ್ಲವೇ ಜೈಲಿಗೆ ಹೋಗುವ ದಾರಿ. ಅದು ಹಾಗೆಯೇ ಇರಲಿ ಎಂಬುದು ನನ್ನ ಅಭಿಪ್ರಾಯ ಕೂಡ.

ಆದರೆ ಆ 412 ನನ್ನನ್ನು ಬಹಳ ದಿನ ಕಾಡಿತು. ನೂರರವತ್ತು ಗಜದಷ್ಟು ತಪ್ಪಿದ್ದು ಹೇಗೆ?

ಮಲೆನಾಡಿನ ಕಣ್ಣಿಗೆ ದೂರವೆಂಬುದೇ ಇಲ್ಲ ಎಂಬುದು ಆಮೇಲೆ ಹೊಳೆಯಿತು. ಹಳುವಿನೊಳಗೆ ಐವತ್ತು ಗಜದಾಚೆ ಏನೂ ಕಾಣುವುದಿಲ್ಲ. ಅಜ್ಜಯ್ಯನ ಕಾಲದಲ್ಲಿ ಕೋವಿ ಹಿಡಿದು ಕಾಯುವ ಜಾಗಕ್ಕೆ ಬಿಲ್ಲು ಎನ್ನುತ್ತಿದ್ದರು. ಬಿಲ್ಲಿಗೆ ನಿಂತವನ ಮುಂದೆ ಹಂದಿ ಹಾಯುವುದು ಹತ್ತು ಮಾರು, ಹೆಚ್ಚೆಂದರೆ ಹದಿನೈದು ಮಾರು ದೂರದಲ್ಲಿ. ಕೇಪಿನ ಕೋವಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇರಲಿಲ್ಲ. ನಮ್ಮ ಅಳತೆಗಳೆಲ್ಲ ಮೈಯಿಂದ ಹುಟ್ಟಿದವು: ಗೇಣು, ಮೊಳ, ಮಾರು. ಅದಕ್ಕಿಂತ ದೂರವಾದರೆ ಕೂಗಳತೆ. ಕೂಗಳತೆ ಮೀರಿದರೆ ನೇರವಾಗಿ ಹರದಾರಿ. ನಡುವಿನ ಇನ್ನೂರು, ಮುನ್ನೂರು, ನಾನೂರು ಗಜಗಳಿಗೆ ನಮ್ಮ ಮನೆಯ ಮಾತಿನಲ್ಲಿ ಪದವೇ ಇರಲಿಲ್ಲ, ಏಕೆಂದರೆ ಅಷ್ಟು ದೂರ ನೋಡುವ ಜಾಗವಿರಲಿಲ್ಲ. ಇಲ್ಲಿಯ ಬೆಟ್ಟಗಳಲ್ಲಿ ಇರುವುದೆಲ್ಲ ಆ ನಡುವಿನ ದೂರವೇ. ಸಾಲದ್ದಕ್ಕೆ ಒಂಬತ್ತು ಸಾವಿರ ಅಡಿ ಎತ್ತರದ ಒಣ, ತೆಳುವಾದ ಗಾಳಿ. ನಮ್ಮಲ್ಲಿ ದೂರದ ಗುಡ್ಡ ಮಂಜಿನಲ್ಲಿ ನೀಲಿಯಾಗಿ ಮಸುಕಾಗುತ್ತದೆ, ಆ ಮಸುಕನ್ನು ನೋಡಿಯೇ ಕಣ್ಣು ದೂರ ಅಳೆಯುತ್ತದೆ. ಇಲ್ಲಿ ನಾನೂರು ಗಜದಾಚೆಯ ಹುಲ್ಲೂ ಅಂಗಳದ ಹುಲ್ಲಿನಷ್ಟೇ ಸ್ಪಷ್ಟ. ಮನೆಯೋ ಕಂಬವೋ ಎತ್ತಿನಗಾಡಿಯೋ ಹೋಲಿಸಿ ನೋಡಲು ಒಂದೂ ಇಲ್ಲ.

ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮೇಷ್ಟ್ರು ಲೆಕ್ಕ ಹಾಕಿ ತೋರಿಸಿದರು. ಅವರದು ಥರ್ಟಿ ಆಟ್ ಸಿಕ್ಸ್ ರೈಫಲ್. ಇನ್ನೂರು ಗಜದಲ್ಲಿ ಗುಂಡು ಗುರಿಯಿಟ್ಟಲ್ಲೇ ಬೀಳುವಂತೆ ಅದನ್ನು ಸರಿಹೊಂದಿಸಿದ್ದರೆ ಮುನ್ನೂರರಲ್ಲಿ ಗುಂಡು ಎಂಟೊಂಬತ್ತು ಇಂಚು ಕೆಳಗಿಳಿಯುತ್ತದೆ, ನಾನೂರರಲ್ಲಿ ಸುಮಾರು ಎರಡು ಅಡಿ. ಅಂದರೆ ಇಳಿತ ಒಂದೇ ಸಮನಾಗಿ ಹೆಚ್ಚುವುದಿಲ್ಲ, ದೂರ ಹೆಚ್ಚಿದಂತೆ ಧಾವಿಸುತ್ತದೆ. ನೂರೈವತ್ತೋ ಇನ್ನೂರೋ ಎಂಬ ಅನುಮಾನದಿಂದ ಕೆಡುವುದೇನೂ ಇಲ್ಲ. ಮುನ್ನೂರೈವತ್ತೋ ನಾನೂರೋ ಎಂಬ ಅನುಮಾನಕ್ಕೆ ಒಂಬತ್ತು ಇಂಚಿನ ಬೆಲೆ ಇದೆ. ಆ ದಿನ ನಾನು ಇನ್ನೂರೈವತ್ತು ಎಂದು ನಂಬಿ ಎದೆಯ ನಡುವಿಗೆ ಗುರಿಯಿಟ್ಟಿದ್ದರೆ ಗುಂಡು ಕಾಲಿಗೆ ತಗಲುತ್ತಿತ್ತು. ಕಾಲು ಮುರಿದ ಎಲ್ಕ್ ಮೂರು ಕಾಲಿನಲ್ಲಿ ಎರಡು ಬೆಟ್ಟ ದಾಟುತ್ತದೆ, ಆಮೇಲೆ ಎಲ್ಲೋ ಸಾಯುತ್ತದೆ. ಬಿಲ್ಲುಬಾಣದವರ ಪಾಡು ಇನ್ನೂ ಸೂಕ್ಷ್ಮ. ನಲವತ್ತು ಗಜ ಎಂದುಕೊಂಡದ್ದು ನಲವತ್ತೈದಾಗಿದ್ದರೆ ಬಾಣ ಐದಾರು ಇಂಚು ಕೆಳಗೆ.

ಹಾಗಾಗಿ ಕೋವಿಗಿಂತ ಮೊದಲು ರೇಂಜ್‌ಫೈಂಡರ್ ಕೊಳ್ಳಲು ಹೊರಟೆ. ಕೊಳ್ಳುವ ಮೊದಲೇ ಒಂದು ಬಿಟ್ಟಿ ಸಿಕ್ಕಿತು. ಕಚೇರಿಯ ಗೆಳೆಯನೊಬ್ಬ ಗಾಲ್ಫ್ ಬಿಟ್ಟಿದ್ದ, ತನ್ನ ರೇಂಜ್‌ಫೈಂಡರನ್ನು ನನಗೆ ಕೊಟ್ಟ. ಲೇಸರ್ ಲೇಸರೇ ಅಲ್ಲವೇ ಎಂದುಕೊಂಡು ಸಂತೋಷದಿಂದ ಇಟ್ಟುಕೊಂಡೆ. ಮನೆಯ ಹಿಂದಿನ ಗುಡ್ಡದ ಮೇಲಿನ ನೀರಿನ ಟ್ಯಾಂಕಿಗೆ ಹಿಡಿದರೆ 270 ತೋರಿಸಿತು. ಅದೇ ಜಾಗದಿಂದ ಮೇಷ್ಟ್ರ ಉಪಕರಣ 238 ಎಂದಿತು. ಯಾವುದೋ ಒಂದು ಕೆಟ್ಟಿದೆ ಎಂದುಕೊಂಡೆ. ಎರಡೂ ಕೆಟ್ಟಿರಲಿಲ್ಲ.

ಗಾಲ್ಫಿನವರಿಗೂ ಬೇಟೆಯವರಿಗೂ ಮಾರುವ ಉಪಕರಣಗಳಲ್ಲಿ ಏರಿಳಿತದ ಲೆಕ್ಕ ಇರುತ್ತದೆ. ಆದರೆ ಎರಡೂ ಬೇರೆ ಬೇರೆ ಲೆಕ್ಕ. ಗಾಲ್ಫ್ ಚೆಂಡನ್ನು ಏರಿನ ಕಡೆಗೆ ಹೊಡೆಯಬೇಕಾದರೆ ಹೆಚ್ಚು ಬಲ ಬೇಕು, ಆದ್ದರಿಂದ ಆ ಉಪಕರಣ ದೂರವನ್ನು ಹೆಚ್ಚಿಸಿ ಹೇಳುತ್ತದೆ. ಇಳಿಜಾರಾದರೆ ಕಡಿಮೆ ಮಾಡುತ್ತದೆ. ಗುಂಡಿಗೋ ಬಾಣಕ್ಕೋ ಹಾಗಲ್ಲ. ಏರಾಗಲಿ ಇಳಿಜಾರಾಗಲಿ, ಗುರುತ್ವ ಎಳೆಯುವುದು ಸಮತಲದಲ್ಲಿ ಅಳೆದ ದೂರದ ಲೆಕ್ಕದಲ್ಲಿ, ಆದ್ದರಿಂದ ಎರಡು ಕಡೆಯೂ ದೂರವನ್ನು ಕಡಿಮೆ ಎಂದೇ ಹಿಡಿಯಬೇಕು. ಟ್ಯಾಂಕಿನ ನಿಜವಾದ ದೂರ 240 ಗಜ. ಒಂದು ಉಪಕರಣ ಚೆಂಡಿಗಾಗಿ ಮೂವತ್ತು ಗಜ ಸೇರಿಸಿತ್ತು, ಇನ್ನೊಂದು ಗುಂಡಿಗಾಗಿ ಎರಡು ಗಜ ಕಳೆದಿತ್ತು. ಗಾಲ್ಫಿನದನ್ನು ನಂಬಿ ಬೆಟ್ಟದ ಮೇಲಿನ ಮೃಗಕ್ಕೆ ಹೊಡೆದರೆ ಗುಂಡು ಬೆನ್ನಿನ ಮೇಲೆ ಹಾರಿಹೋಗುತ್ತದೆ. ಆ ಲೆಕ್ಕವನ್ನು ನಿಲ್ಲಿಸಿಡಬಹುದು, ನಿಜ. ಆದರೆ ಇನ್ನೊಂದು ತೊಡಕಿದೆ. ಗಾಲ್ಫಿನಲ್ಲಿ ಬಾವುಟ ಮುಂದಿರುತ್ತದೆ, ಮರಗಳು ಹಿಂದಿರುತ್ತವೆ, ಹಾಗಾಗಿ ಆ ಉಪಕರಣ ಎದುರು ಸಿಕ್ಕ ಹತ್ತಿರದ ವಸ್ತುವಿಗೆ ಮೊದಲ ಮಣೆ ಹಾಕುತ್ತದೆ. ಕಾಡಿನಲ್ಲಿ ಹತ್ತಿರದ ವಸ್ತುವೆಂದರೆ ಮೂಗಿನ ಮುಂದಿನ ಹುಲ್ಲುಗರಿ. ಬೇಟೆಯವರ ಉಪಕರಣಗಳಲ್ಲಿ ಕೊನೆಯ ಗುರಿಯನ್ನು ಆಯ್ದುಕೊಳ್ಳುವ ಏರ್ಪಾಡು ಇರುತ್ತದೆ. ಬುಷ್ನೆಲ್ ಕಂಪನಿಯವರು ಅದಕ್ಕೆ ಬ್ರಷ್ ಎನ್ನುತ್ತಾರೆ, ವಾರ್ಟೆಕ್ಸ್‌ನವರು ಲಾಸ್ಟ್ ಎನ್ನುತ್ತಾರೆ. ಹೆಸರು ಏನೇ ಇರಲಿ, ಅದಿಲ್ಲದ್ದನ್ನು ಕೊಳ್ಳಬಾರದು ಎಂಬುದು ನನ್ನ ಮೊದಲ ತೀರ್ಮಾನ.

ಗಾಲ್ಫಿನದನ್ನು ಹಿಂದಕ್ಕೆ ಕೊಟ್ಟು ಅಂಗಡಿಗೆ ಹೋದೆ. ಅಲ್ಲಿ ಪೆಟ್ಟಿಗೆಗಳ ಮೇಲೆಲ್ಲ ದೊಡ್ಡ ಅಂಕಿಗಳು: 1000, 1300, 2000. ಇವೆಲ್ಲ ಎಲ್ಲಿಂದ ಬಂದವು ಎಂದು ತಿಳಿಯಲು ಒಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು. ಗುಂಡಿ ಒತ್ತಿದಾಗ ಸಾಮಾನ್ಯವಾಗಿ 905 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಮಿಡಿತಗಳು ಹೊರಡುತ್ತವೆ. ತಗಲಿ ಹಿಂದಿರುಗಿದ ಬೆಳಕಿನ ಹೊತ್ತನ್ನು ಒಳಗಿನ ಗಡಿಯಾರ ಎಣಿಸುತ್ತದೆ. ಒಂದು ನ್ಯಾನೊಸೆಕೆಂಡಿಗೆ ಬೆಳಕು ಓಡುವುದು ಸುಮಾರು ಮೂವತ್ತು ಸೆಂಟಿಮೀಟರ್, ಹೆಚ್ಚುಕಡಿಮೆ ಒಂದೂವರೆ ಗೇಣು. ಮುನ್ನೂರು ಗಜಕ್ಕೆ ಹೋಗಿ ಬರಲು ಎರಡು ಮೈಕ್ರೋಸೆಕೆಂಡೂ ಬೇಡ. ಒಂದು ಗಜದ ನಿಖರತೆ ಬೇಕಾದರೆ ಆರು ನ್ಯಾನೊಸೆಕೆಂಡನ್ನು ಗುರುತಿಸುವ ಗಡಿಯಾರ ಬೇಕು. ಅಂಥದೊಂದು ಗಡಿಯಾರ ಮುನ್ನೂರು ಡಾಲರಿಗೆ ಸಿಗುತ್ತದೆ ಎಂಬುದೇ ನನಗೆ ಇಡೀ ವಿಷಯದ ದೊಡ್ಡ ಸೋಜಿಗ.

ಗಡಿಯಾರ ಎಷ್ಟೇ ಚುರುಕಾಗಿದ್ದರೂ ಹಿಂದಿರುಗುವ ಬೆಳಕು ಸಿಕ್ಕರೆ ತಾನೇ? ಪೆಟ್ಟಿಗೆಯ ಮೇಲಿನ ಅಂಕಿ ಹೊಳೆಯುವ ಗುರಿಗೆ ಅಳೆದದ್ದು, ರಸ್ತೆಯ ಫಲಕದಂಥದ್ದಕ್ಕೆ. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಪ್ರತಿಫಲಕ ಇಟ್ಟು ಬಂದರು, ಅದಕ್ಕೆ ಲೇಸರ್ ಹಾಯಿಸಿ ಇಂದಿಗೂ ಚಂದ್ರನ ದೂರ ಅಳೆಯುತ್ತಾರೆ. ಎಲ್ಕ್‌ನ ಮೈಮೇಲೆ ಯಾರೂ ಪ್ರತಿಫಲಕ ಇಟ್ಟಿಲ್ಲ. ಅದರ ಒರಟು ಕೂದಲು ಬಿದ್ದ ಬೆಳಕನ್ನು ಅರ್ಧ ನುಂಗಿ, ಉಳಿದದ್ದನ್ನು ದಿಕ್ಕಿಗೊಂದರಂತೆ ಚೆದರಿಸುತ್ತದೆ. ಪೆಟ್ಟಿಗೆಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮರಕ್ಕೆ ಇಷ್ಟು, ಜಿಂಕೆಗೆ ಇಷ್ಟು ಎಂದು ಬರೆದಿರುತ್ತದೆ. ಓದಬೇಕಾದದ್ದು ಅದನ್ನು. ದೊಡ್ಡ ಅಂಕಿಯ ಅರ್ಧ, ಕೆಲವೊಮ್ಮೆ ಅರ್ಧಕ್ಕಿಂತಲೂ ಕಡಿಮೆ. ಅದೂ ಮೋಡ ಕವಿದ ದಿನ ಅಥವಾ ಮುಸ್ಸಂಜೆಯಲ್ಲಿ. ನಡುಹಗಲಿನ ಬಿಸಿಲಿನಲ್ಲಿ, ಅದರಲ್ಲೂ ಹಿಮದ ಮೇಲೆ, ಸೂರ್ಯನ ಬೆಳಕೇ ಗದ್ದಲ ಮಾಡಿ ಲೇಸರಿನ ಪಿಸುಮಾತನ್ನು ಮುಳುಗಿಸುತ್ತದೆ.

ಮೊದಲು ಕೊಂಡದ್ದು ಅಗ್ಗದ್ದು. ಕಂಪನಿಯ ಹೆಸರು ಬೇಡ. ಅದರ ನಡುವಿನ ವೃತ್ತ ತೋರಿಸುತ್ತಿದ್ದ ಜಾಗ ಒಂದು, ಲೇಸರ್ ಬೀಳುತ್ತಿದ್ದ ಜಾಗ ಇನ್ನೊಂದು. ಇದು ತಿಳಿದದ್ದು ಮೇಷ್ಟ್ರು ಹೇಳಿಕೊಟ್ಟ ಸರಳ ಪರೀಕ್ಷೆಯಿಂದ. ಹಿಂದೆ ಆಕಾಶ ಮಾತ್ರ ಇರುವ ಒಂದು ದೀಪದ ಕಂಬವನ್ನು ಹುಡುಕಿ, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಮೆಲ್ಲನೆ ಹಾಯಿಸುತ್ತಾ ಯಾವಾಗ ಅಂಕಿ ಬರುತ್ತದೆ ನೋಡಬೇಕು. ನನ್ನದರಲ್ಲಿ ಕಂಬ ವೃತ್ತದಿಂದ ಪೂರ್ತಿ ಹೊರಗಿದ್ದಾಗ ಅಂಕಿ ಬರುತ್ತಿತ್ತು! ಆ ಪರೀಕ್ಷೆಯಲ್ಲಿ ಇನ್ನೊಂದೂ ತಿಳಿಯಿತು. ಲೇಸರಿನ ಕಿರಣ ದುಂಡಗೆ ಇರುವುದಿಲ್ಲ, ಒಂದು ಪಟ್ಟಿಯ ಹಾಗೆ ಇರುತ್ತದೆ. ಕೆಲವು ಉಪಕರಣಗಳಲ್ಲಿ ಅಡ್ಡಪಟ್ಟಿ, ಕೆಲವುಗಳಲ್ಲಿ ಉದ್ದಪಟ್ಟಿ. ದೂರ ಹೋದಂತೆ ಅದು ಹರಡುತ್ತದೆ. ಎರಡು ಮಿಲಿರೇಡಿಯನ್ (ಕೋನದ ಒಂದು ಅಳತೆ) ಹರವು ಮುನ್ನೂರು ಗಜದಲ್ಲಿ ಸುಮಾರು ಇಪ್ಪತ್ತೆರಡು ಇಂಚು. ಮಲಗಿದ ಮೃಗಕ್ಕೆ ಉದ್ದಪಟ್ಟಿ ಬಿದ್ದರೆ ಅರ್ಧ ಬೆಳಕು ಹಿಂದಿನ ಗುಡ್ಡದಿಂದ ಬರುತ್ತದೆ. ಆಗ ಉಪಕರಣವನ್ನೇ ಅಡ್ಡಕ್ಕೆ ತಿರುಗಿಸಿ ಹಿಡಿಯಬೇಕು. ಅಂಗಡಿಯವರು ಇದನ್ನು ಹೇಳುವುದಿಲ್ಲ. ಅಂಗಡಿಯ ಒಳಗೆ ಐವತ್ತು ಗಜದಾಚೆಯ ಗೋಡೆಗೆ ಹಿಡಿದು ನೋಡಿದರೆ ಇದ್ಯಾವುದೂ ಗೊತ್ತಾಗುವುದೂ ಇಲ್ಲ.

ಅದನ್ನು ವಾಪಸು ಕೊಟ್ಟ ನಿಜವಾದ ಕಾರಣ ಮಾತ್ರ ಬೇರೆ. ಕೊಲರಾಡೊದಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಬೇಟೆಯಾಡಬಹುದು. ಎಲ್ಕ್‌ಗಳು ಕಾಡಿನಿಂದ ಹೊರಗೆ ಬರುವುದೇ ಆ ಎರಡು ಅರ್ಧ ಗಂಟೆಗಳಲ್ಲಿ. ಅಗ್ಗದ ಉಪಕರಣದ ಅಂಕಿಗಳು ಹಳೆಯ ಕೈಗಡಿಯಾರದ ಹಾಗೆ ಕಪ್ಪು. ಕಪ್ಪು ಮರಗಳ ಮುಂದೆ ಮುಸ್ಸಂಜೆಯಲ್ಲಿ ಕಪ್ಪು ಅಂಕಿ. ಅಳತೆ ಬಂದಿದೆ, ಓದಲಾಗುತ್ತಿಲ್ಲ. ಆ ಬಗೆಯ ಪರದೆ ಒಳಬರುವ ಬೆಳಕನ್ನೂ ಸ್ವಲ್ಪ ತಿನ್ನುತ್ತದೆ, ನೋಟವೇ ಮಬ್ಬಾಗುತ್ತದೆ. ಕೆಂಪಾಗಿ ಬೆಳಗುವ ಅಂಕಿ ಬೇಕು, ಅದರ ಪ್ರಖರತೆಯನ್ನು ತಗ್ಗಿಸಲು ಬರಬೇಕು, ಇಲ್ಲದಿದ್ದರೆ ಕತ್ತಲಲ್ಲಿ ಅಂಕಿಯೇ ಕಣ್ಣು ಕುಕ್ಕಿ ಮೃಗ ಮಾಯವಾಗುತ್ತದೆ. ನನ್ನ ಪ್ರಕಾರ ಸಾವಿರ ಗಜ, ಎರಡು ಸಾವಿರ ಗಜ ಎಂಬ ಎಲ್ಲ ಮಾತಿಗಿಂತ ಇದೊಂದೇ ಸಂಗತಿಗೆ ಹೆಚ್ಚಿನ ಹಣ ಕೊಡಬಹುದು.

ಏರಿಳಿತದ ಕೋನದ ಲೆಕ್ಕಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಬುಷ್ನೆಲ್‌ನಲ್ಲಿ ಎಆರ್‌ಸಿ, ಲ್ಯೂಪೋಲ್ಡ್‌ನಲ್ಲಿ ಟಿಬಿಆರ್, ವಾರ್ಟೆಕ್ಸ್‌ನಲ್ಲಿ ಎಚ್‌ಸಿಡಿ. ಜಾಹೀರಾತುಗಳಲ್ಲಿ ಮರದ ಮೇಲಿನ ಅಟ್ಟಣೆಯಲ್ಲಿ ಕುಳಿತವನ ಚಿತ್ರ ಹಾಕಿ ಇದನ್ನು ಮಾರುತ್ತಾರೆ. ಮೇಷ್ಟ್ರಿಗೆ ಆ ಚಿತ್ರ ಕಂಡರೆ ಸಿಟ್ಟು. ಇಪ್ಪತ್ತು ಅಡಿ ಎತ್ತರದ ಅಟ್ಟಣೆಯಿಂದ, ಮರದ ಬುಡದಿಂದ ಇಪ್ಪತ್ತು ಗಜ ದೂರದ ಜಿಂಕೆಗೆ ಓರೆಯ ದೂರ ಇಪ್ಪತ್ತೊಂದು ಗಜ. ಒಂದು ಗಜಕ್ಕೆ ಇಷ್ಟು ಗಲಾಟೆಯೇ? "ಪೈಥಾಗೊರಸ್‌ನನ್ನು ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದ" ಎನ್ನುತ್ತಾರೆ. ಅದು ಕೆಲಸಕ್ಕೆ ಬರುವುದು ಬೆಟ್ಟದಲ್ಲಿ. ಮೂವತ್ತು ಡಿಗ್ರಿ ಇಳಿಜಾರಿನಲ್ಲಿ ಮುನ್ನೂರು ಗಜ ಎಂದರೆ ಗುಂಡಿನ ಲೆಕ್ಕಕ್ಕೆ ಇನ್ನೂರರವತ್ತು. ನಲವತ್ತು ಗಜದ ವ್ಯತ್ಯಾಸವನ್ನು ಏದುಸಿರು ಬಿಡುತ್ತಾ, ನಡುಗುವ ಕೈಯಲ್ಲಿ, ಬಾಯಿಲೆಕ್ಕದಲ್ಲಿ ಕಳೆಯಲು ನನ್ನಿಂದಾಗದು.

ಉಳಿದದ್ದು ಚಿಲ್ಲರೆ. ಆರು ಅಥವಾ ಏಳು ಪಟ್ಟು ಹಿಗ್ಗಿಸಿ ತೋರಿಸಿದರೆ ಸಾಕು, ಅದಕ್ಕಿಂತ ಹೆಚ್ಚಾದರೆ ಕೈಯ ನಡುಕವೂ ಹಿಗ್ಗುತ್ತದೆ. ಇದಕ್ಕೆ ಹಾಕುವ ಸಿಆರ್2 ಬ್ಯಾಟರಿಯ ಒಂದು ಬದಲಿ ಜೋಡಿಯನ್ನು ಚಳಿ ತಗಲದಂತೆ ಒಳಜೇಬಿನಲ್ಲಿಟ್ಟುಕೊಳ್ಳಬೇಕು. ಗಜ ಮತ್ತು ಮೀಟರನ್ನು ಬದಲಿಸುವ ಗುಂಡಿ ಜೇಬಿನಲ್ಲೇ ಒತ್ತಿಹೋಗಬಹುದು. ಮುನ್ನೂರು ಮೀಟರ್ ಎಂದರೆ 328 ಗಜ, ಅಂಕಿಯ ಪಕ್ಕದ ಆ ಸಣ್ಣ ಅಕ್ಷರವನ್ನು ಪ್ರತಿ ಸಲ ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ದುರ್ಬೀನಿನೊಳಗೇ ಲೇಸರ್ ಇರುವಂಥವೂ ಇವೆ. ಲೈಕಾದವರ ಜಿಯೊವಿಡ್ ಬಹಳ ಚೆನ್ನಾಗಿದೆ, ಒಮ್ಮೆ ಕೈಯಲ್ಲಿ ಹಿಡಿದು, ಬೆಲೆ ಕೇಳಿ, ಮೆಲ್ಲನೆ ಕೆಳಗಿಟ್ಟೆ. ಕೊನೆಗೆ ಕೊಂಡದ್ದು ನಾನೂರು ಡಾಲರಿನ ಒಳಗಿನ ಒಂದು ಸಾಧಾರಣ ಉಪಕರಣ.

ಅದರ ಮೈಗೆ ಒಂದು ಅಂಟುಪಟ್ಟಿ ಹಚ್ಚಿ 300 ಎಂದು ಬರೆದಿದ್ದೇನೆ. ಅದು ನನ್ನ ಅಂಕಿ. ಬೇಸಿಗೆಯಿಡೀ ಒಂಬತ್ತು ಇಂಚಿನ ಕಾಗದದ ತಟ್ಟೆಗೆ ಹೊಡೆದು ಅಭ್ಯಾಸ ಮಾಡಿದೆ. ಬೆಂಚಿನ ಮೇಲೆ ಅಲ್ಲ, ನೆಲದಲ್ಲಿ ಕುಳಿತು, ಮೊಣಕೈಯನ್ನು ಮೊಣಕಾಲಿಗೆ ಊರಿ. ಮುನ್ನೂರು ಗಜದವರೆಗೆ ತಟ್ಟೆ ತಪ್ಪುವುದಿಲ್ಲ. ಮುನ್ನೂರೈವತ್ತರಲ್ಲಿ ತಪ್ಪುತ್ತದೆ. ರೇಂಜ್‌ಫೈಂಡರ್ ನಾನೂರು ಎಂದು ಖಚಿತವಾಗಿ ಹೇಳಿದರೂ ನನ್ನ ಕೈ ನಾನೂರರ ಕೈಯಾಗುವುದಿಲ್ಲ. ಈ ಉಪಕರಣದ ಆಮಿಷವೇ ಅದು. ದೂರ ಗೊತ್ತಾಯಿತು ಎಂದರೆ ಹೊಡೆಯಬಹುದು ಎಂದು ಮನಸ್ಸು ಹೇಳತೊಡಗುತ್ತದೆ. ಗಾಳಿ ಎಷ್ಟಿದೆ ಎಂದು ಲೇಸರ್ ಹೇಳುವುದಿಲ್ಲ. ಗಂಟೆಗೆ ಹತ್ತು ಮೈಲಿ ಅಡ್ಡಗಾಳಿ ನಾನೂರು ಗಜದಲ್ಲಿ ಗುಂಡನ್ನು ಒಂದು ಅಡಿಯಷ್ಟು ಪಕ್ಕಕ್ಕೆ ತಳ್ಳಬಲ್ಲದು. ಗುಂಡು ಅಲ್ಲಿಗೆ ತಲುಪಲು ಹಿಡಿಯುವ ಅರ್ಧ ಸೆಕೆಂಡಿನಲ್ಲಿ ಮೃಗ ಒಂದು ಹೆಜ್ಜೆ ಎತ್ತಿಡಬಹುದು.

ಇದರ ಬಗ್ಗೆ ಇಲ್ಲಿ ಹಳೆಯ ಜಗಳವಿದೆ. 1887ರಲ್ಲಿ ಥಿಯೋಡರ್ ರೂಸ್ವೆಲ್ಟ್ ಕಟ್ಟಿದ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ಬಿನವರು ಮೃಗಕ್ಕೂ ತಪ್ಪಿಸಿಕೊಳ್ಳುವ ಅವಕಾಶವಿರಬೇಕು ಎಂಬ ಮಾತನ್ನು ಅಂದಿನಿಂದಲೂ ಹೇಳುತ್ತಾ ಬಂದಿದ್ದಾರೆ. ಕೈಯಲ್ಲಿ ಹಿಡಿಯುವ ರೇಂಜ್‌ಫೈಂಡರಿಗೆ ಕೊಲರಾಡೊದಲ್ಲಿ ಅಡ್ಡಿಯಿಲ್ಲ, ಆದರೆ ಗುರಿಯನ್ನು ತಾನೇ ಹಿಂಬಾಲಿಸಿ ಲೆಕ್ಕ ಹಾಕುವ ಸ್ಮಾರ್ಟ್ ರೈಫಲ್‌ಗಳಿಗೆ ನಿಷೇಧವಿದೆ. ಗೆರೆ ಎಲ್ಲಿ ಎಳೆಯಬೇಕು ಎಂಬುದರಲ್ಲಿ ಮೇಷ್ಟ್ರಿಗೂ ನನಗೂ ಒಮ್ಮತವಿಲ್ಲ. ಅವರಿಗೆ ಕೋವಿಯ ಮೇಲಿನ ಸ್ಕೋಪಿನೊಳಗೆ, ಅಂದರೆ ಗುರಿ ನೋಡುವ ದುರ್ಬೀನಿನೊಳಗೆ, ಲೇಸರ್ ಸೇರಿಸುವುದೇ ಅಸಹ್ಯ. ನನಗೆ, ಕಣ್ಣಂದಾಜಿನಲ್ಲಿ ನೂರರವತ್ತು ಗಜ ತಪ್ಪಿದವನಿಗೆ, ಅಷ್ಟು ಮಡಿವಂತಿಕೆ ಇಲ್ಲ.

ಹೋದ ವರ್ಷದ ಶಿಕಾರಿಯಲ್ಲಿ ಮೊದಲ ದಿನ ಮಧ್ಯಾಹ್ನವೇ ಒಂದು ಬಂಡೆಯ ನೆರಳಿನಲ್ಲಿ ಕುಳಿತೆ. ಕಾನೂನು ಕೇಳುವ ಕಿತ್ತಳೆ ಬಣ್ಣದ ಅಂಗಿ, ಟೊಪ್ಪಿ, ತೊಡೆಯ ಮೇಲೆ ಕೋವಿ. ಮಾಡಲು ಕೆಲಸವಿಲ್ಲದ್ದರಿಂದ ಸುತ್ತಲಿನದನ್ನೆಲ್ಲ ಅಳೆದೆ. ಒಣಗಿದ ಆ್ಯಸ್ಪೆನ್ ಮರ 182. ಬಿಳಿ ಬಂಡೆ 265. ಹಳ್ಳದ ಅಂಚು 310. ಚೀಟಿಯಲ್ಲಿ ಬರೆದುಕೊಂಡೆ. ಸೂರ್ಯ ಮುಳುಗಿ ಹದಿನೈದು ನಿಮಿಷಕ್ಕೆ ಹಳ್ಳದ ಅಂಚಿನಾಚೆ ಮೂರು ಹೆಣ್ಣು ಎಲ್ಕ್‌ಗಳು ಬಂದವು. ರೇಂಜ್‌ಫೈಂಡರನ್ನು ಕಣ್ಣಿಗೆ ಹಿಡಿಯುವ ಅಗತ್ಯವಿರಲಿಲ್ಲ, ಆದರೂ ಹಿಡಿದೆ. 342. ಮುಂದೆ ಬನ್ನಿ ಎಂದು ಮನಸ್ಸಿನಲ್ಲೇ ಕರೆದೆ. 338. ಆಮೇಲೆ 351. ಗಡಿಯಾರ ನೋಡಿಕೊಂಡೆ. ಹಿಂದಿನದು ಮುಂದಿನದರ ಕಿವಿ ನೆಕ್ಕುತ್ತಿತ್ತು. ಹೊತ್ತು ಮೀರುವವರೆಗೆ ಕುಳಿತು, ಕೋವಿಯಿಂದ ತೋಟಾ ತೆಗೆದು, ಟಾರ್ಚ್ ಹಚ್ಚಿಕೊಂಡು ಕೆಳಗಿಳಿದೆ. ಡೇರೆಯಲ್ಲಿ ಮೇಷ್ಟ್ರು ಎಷ್ಟಿತ್ತು ಎಂದು ಕೇಳಿದರು. ಹೇಳಿದೆ. ತಲೆಯಾಡಿಸಿ ಸಾರು ಬಡಿಸಿದರು.

ಈ ಜೂನ್‌ನಲ್ಲಿ ಊರಿಗೆ ಹೋದಾಗ ಅದನ್ನು ಜೊತೆಗೆ ಒಯ್ದಿದ್ದೆ, ಸುಮ್ಮನೆ ಅಪ್ಪಯ್ಯನಿಗೆ ತೋರಿಸಲು. ಮೀಟರಿಗೆ ಬದಲಿಸಿ ಜಗಲಿಯಲ್ಲಿ ಕುಳಿತು ಒಂದೊಂದನ್ನೇ ಅಳೆದೆವು. ಕೊಟ್ಟಿಗೆ 31. ಹಲಸಿನ ಮರ 64. ಗದ್ದೆಯಾಚೆಯ ದೊಡ್ಡಪ್ಪನ ಮನೆ ನಮ್ಮಲ್ಲಿ ಹಿಂದಿನಿಂದಲೂ ಕೂಗಳತೆ ದೂರದ್ದು. ಅದು 217. "ಹಾಗಾದರೆ ಕೂಗಳತೆ ಎಂದರೆ 217 ಮೀಟರ್" ಎಂದೆ.

ಅಪ್ಪಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾ, "ಬೇಸಗೆಯಲ್ಲಿ ಇರಬಹುದು. ಮಳೆ ಹಿಡಿದರೆ ಕೊಟ್ಟಿಗೆಗೂ ಕೇಳುವುದಿಲ್ಲ" ಎಂದರು.

ಅಷ್ಟರಲ್ಲಿ ಗುಡ್ಡದ ಕಡೆಯಿಂದ ಮಳೆ ಸುರಿಯುತ್ತಾ ಬಂತು. ಅವರು ಮತ್ತೊಮ್ಮೆ ಕಣ್ಣಿಗೆ ಹಿಡಿದು ದೊಡ್ಡಪ್ಪನ ಮನೆಯ ಕಡೆಗೆ ಗುಂಡಿ ಒತ್ತಿದರು. ಎದುರಿನ ಮಳೆಹನಿಗಳಿಗೇ ಬೆಳಕು ತಗಲಿ ಹಿಂದಿರುಗಿರಬೇಕು, 14 ಎಂದು ತೋರಿಸಿತು. "ನೋಡು, ಇದಕ್ಕೂ ಗೊತ್ತಿದೆ" ಎಂದು ನನ್ನ ಕೈಗೆ ಕೊಟ್ಟು, ಅಂಗಳದಲ್ಲಿ ಒಣಗಿಸಿದ್ದ ಕಂಬಳಿ ತರಲು ಓಡಿದರು.